ಎಡಕ್ಕೆ ಮೂರು, ಬಲಕ್ಕೆ ಮೂರು

ಅಜ್ಜಂಪುರದಲ್ಲಿ ಕೋಮಲಾಳ ಕೈ ಸೋಕದ ಹುಬ್ಬು ಕಡಿಮೆ. ಸುಮ್ಮನೆ ಹೊಗಳಬೇಕೆಂದು ಹೇಳುವ ಮಾತಲ್ಲ ಇದು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮಗ್ಗುಲಿಗಿರುವ ಹತ್ತಡಿ ಕೋಣೆಯಲ್ಲಿ, ಹದಿನೆಂಟು ವರ್ಷದಿಂದ ಆಕೆ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಾಳೆ. ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಗ್ಗಿದಳೆಂದರೆ, ಕುರ್ಚಿಯಲ್ಲಿ ಕೂತವರು ಒಂದು ಸಲ ಸೀನುವುದರೊಳಗೆ ಹುಬ್ಬು ಮುಗಿದಿರುತ್ತದೆ. ಒಬ್ಬರಿಗೆ ಬಳಸಿದ ದಾರವನ್ನು ಇನ್ನೊಬ್ಬರಿಗೆ ಬಳಸಿದವಳಲ್ಲ. ತರೀಕೆರೆಯಿಂದ ಮದುಮಗಳ ಕಡೆಯವರು ಕಾರು ಕಳಿಸಿ ಕರೆಸಿಕೊಂಡದ್ದೂ ಉಂಟು. ತನ್ನ ಕೈಯ ಬೆಲೆ ಅವಳಿಗೆ ಗೊತ್ತಿತ್ತು, ಗೊತ್ತಿರುವುದನ್ನು ಅವಳೇನೂ ಮುಚ್ಚಿಡುತ್ತಿರಲಿಲ್ಲ. ಜಂಬದವಳು ಎಂದು ಬೀದಿಯಲ್ಲಿ ಅನ್ನುವವರು ಅನ್ನುತ್ತಿದ್ದರು. ಅನ್ನಲಿ ಬಿಡಿ. ಕೆಲಸ ಗೊತ್ತಿರುವವರಿಗೆ ಒಂದಿಷ್ಟು ಜಂಬ ಇದ್ದರೆ ಯಾರ ಗಂಟೇನು ಹೋಗುತ್ತದೆ?

ಆದರೆ ಈ ಸಲ ಆ ಜಂಬವೇ ಅವಳ ಕೈ ಹಿಡಿದು ಕಡೂರಿಗೆ ಕರೆದುಕೊಂಡು ಹೋಯಿತು.

ಕಡೂರಿನ ಒಂದು ಲಾಡ್ಜಿನ ಮಹಡಿಯ ಮೇಲೆ, ಎಲ್ಲಿಂದಲೋ ಬಂದ ಮೇಡಂ ಒಬ್ಬರು ಕೋಣೆ ಹಿಡಿದಿದ್ದರು. ಮೈಮೇಲೆ ಬಿಳಿ ಕೋಟು, ಗೋಡೆಯ ಮೇಲೆ ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟು. ಬತ್ತಿದ ಗಲ್ಲಕ್ಕೆ, ತೆಳ್ಳನೆಯ ತುಟಿಗೆ ಸೂಜಿಯಲ್ಲಿ ಔಷಧಿ ತುಂಬಿಸಿ ದುಂಡಗೆ ಮಾಡುವುದು ಅವರ ವಿದ್ಯೆ. ಮುಂದಿನ ಭಾನುವಾರ ದೊಡ್ಡ ಕ್ಯಾಂಪು. ಅಜ್ಜಂಪುರದ ಕಡೆಯ ಹೆಂಗಸರನ್ನು ಹೊರಡಿಸಿಕೊಂಡು ಬರುವುದಕ್ಕೆ ಅವರಿಗೆ ಒಬ್ಬರು ಬೇಕಾಗಿತ್ತು. ಯಾರಿಂದಲೋ ನಂಬರು ತೆಗೆದುಕೊಂಡು ಕೋಮಲಾಳಿಗೆ ಫೋನ್ ಮಾಡಿದರು. ಕಮಿಷನ್ನಿನ ಮಾತಾಡಿದ್ದರೆ ಕೋಮಲಾ ಅಲ್ಲೇ ಫೋನ್ ಇಟ್ಟುಬಿಡುತ್ತಿದ್ದಳೋ ಏನೋ. ಮೇಡಂ ಜಾಣೆ. “ನಿಮ್ಮೂರಿನ ಲೇಡೀಸು ನಿಮ್ಮ ಮಾತು ಬಿಟ್ಟು ಇನ್ನು ಯಾರ ಮಾತೂ ಕೇಳಲ್ವಂತೆ, ಹೌದಾ?” ಎಂದರು.

ಆ ಒಂದು ಮಾತಿಗೆ ಕೋಮಲಾ ಬಿದ್ದಳು. ಅದೇ ದಿನ ಸಂಜೆಯೊಳಗೆ ಒಂಬತ್ತು ಜನರಿಗೆ ಹೇಳಿ ಮುಗಿಸಿದಳು. ಹೈಸ್ಕೂಲ್ ಟೀಚರ್ ಯಶೋದಾ ಒಪ್ಪಿದರು. ಅವರು ಒಪ್ಪಿದ್ದನ್ನು ನೋಡಿ ಉಳಿದವರು ಒಪ್ಪಿದರು. ಒಂಬತ್ತನೆಯವಳು ಅರ್ಫಾ. ಅಬ್ದುಲ್ ಗಫೂರ್ ಸಾಹೇಬರ ಮಗಳು, ಬಿ.ಎಡ್. ಮುಗಿಸಿದವಳು, ಕಡ್ಡಿಯಂಥ ಹುಡುಗಿ. ತರೀಕೆರೆಗೆ ಮದುವೆ ಗೊತ್ತಾಗಿತ್ತು. ನೋಡಲು ಬಂದ ಗಂಡಿನ ಕಡೆಯವರಲ್ಲಿ ಯಾರೋ ಒಬ್ಬರು ಎದ್ದು ಹೋಗುವಾಗ, ಹುಡುಗಿಯ ಗಲ್ಲ ಒಂಚೂರು ಒಳಗೆ ಹೋಗಿದೆ ಎಂದಿದ್ದರಂತೆ. ಅಂದಿನಿಂದ ಅರ್ಫಾ ಕನ್ನಡಿ ನೋಡುವಾಗೆಲ್ಲ ಬಾಯಲ್ಲಿ ಗಾಳಿ ತುಂಬಿಕೊಂಡು ನೋಡುತ್ತಿದ್ದಳು.

“ಏನೂ ಆಗಲ್ಲ ತಾನೆ ಕೋಮಲಕ್ಕ? ಕ್ಯಾಂಪ್ ಆಗಿ ಬರೋ ಗುರುವಾರನೇ ಮದುವೆ.”

“ನಾನಿಲ್ವೇನೇ? ನಂದು ಗ್ಯಾರಂಟಿ ಕಣೇ.”

ಗ್ಯಾರಂಟಿ ಕೊಟ್ಟ ಮೇಲೆ ಅವಳಿಗೆ, ಮೊದಲು ತನ್ನ ಮುಖಕ್ಕೆ ಹಾಕಿಸಿಕೊಂಡು ನೋಡಬೇಕು ಎನ್ನುವ ಬುದ್ಧಿ ಬಂತು. ಕೊಡುವುದಕ್ಕೆ ಮುಂಚೆ ಬರಬೇಕಾಗಿದ್ದ ಬುದ್ಧಿ. ಆಗಲಿ, ಬಂತಲ್ಲ. ಸೋಮವಾರ ಪಾರ್ಲರಿಗೆ ರಜ. ಮನೆಯಲ್ಲಿ ಯಾರಿಗೂ ಹೇಳದೆ ಕಡೂರಿಗೆ ಹೋದಳು. ಮೇಡಂ ಕೈಗೆ ಗ್ಲೌಸ್ ಇರಲಿಲ್ಲ. ಔಷಧಿಯ ಪುಟ್ಟ ಬಾಟಲಿಯ ಮೇಲೆ ಹೆಸರಿನ ಚೀಟಿ ಇರಲಿಲ್ಲ. ಎರಡನ್ನೂ ಕೋಮಲಾ ನೋಡಿದಳು, ನೋಡಿಯೂ ಕೇಳಲಿಲ್ಲ. ಅಷ್ಟು ದೊಡ್ಡ ಮನುಷ್ಯರು ತನ್ನನ್ನು ಹುಡುಕಿಕೊಂಡು ಫೋನ್ ಮಾಡಿರುವಾಗ ಅಂಥದ್ದನ್ನೆಲ್ಲ ಕೇಳಿದರೆ ಚೆನ್ನಾಗಿರುತ್ತದೆಯೇ ಎಂದುಕೊಂಡಳು. ಗಲ್ಲಕ್ಕೂ ತುಟಿಗೂ ಚುಚ್ಚಿಸಿಕೊಂಡು ಸಂಜೆ ಬಸ್ಸಿಗೆ ವಾಪಸ್ ಬಂದಳು. ಮುಖ ಬಿಗಿಯುತ್ತಿತ್ತು. ದುಂಡಗಾಗುತ್ತಿದೆ ಎಂದುಕೊಂಡು ಮಲಗಿದಳು.

ದುಂಡಗೇನೋ ಆಯಿತು. ಮಂಗಳವಾರ ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮುಖದಲ್ಲಿ ಕಣ್ಣು ಹುಡುಕಬೇಕಾಗಿತ್ತು. ಗಲ್ಲಗಳೆರಡೂ ಉಬ್ಬಿ ಕಣ್ಣಿನ ಬುಡಕ್ಕೆ ಬಂದಿದ್ದವು. ಮೇಲ್ದುಟಿ ಮೂಗನ್ನು ಮುಟ್ಟುತ್ತಿತ್ತು. ಸೂಜಿ ಚುಚ್ಚಿದಲ್ಲೆಲ್ಲ ಕೆಂಪು ಬೊಟ್ಟು, ಬೊಟ್ಟಿನ ಸುತ್ತ ನೀಲಿ ಕಂದು. ಬಾಯಿಯಿಂದ ಕೂಗೂ ಸರಿಯಾಗಿ ಹೊರಡಲಿಲ್ಲ.

ಅದೇ ಹೊತ್ತಿಗೆ ಅತ್ತೆ ತಿಪ್ಪಮ್ಮ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಳು. ಸೊಸೆಯ ಮುಖ ನೋಡಿದಳು. ಲೋಟ ಕೆಳಗಿಟ್ಟು ಎರಡೂ ಕೈ ಜೋಡಿಸಿದಳು.

“ಅಯ್ಯೋ ನಮ್ಮವ್ವ! ಯಾವಾಗ ಬಂದೆ ತಾಯೀ?”

ಕಡೂರಿಗೆ ಹೋಗಿದ್ದು ಗೊತ್ತಾಗಿ ಹೋಯಿತು, ಅದನ್ನೇ ಕೇಳುತ್ತಿದ್ದಾಳೆ ಎಂದು ಕೋಮಲಾ ತಿಳಿದಳು. ಊದಿದ ತುಟಿಯಲ್ಲೇ ಹೇಗೋ, “ನಿನ್ನೆ ಸಂಜೇನೇ ಬಂದ್ನಲ್ಲ” ಎಂದಳು.

ತಿಪ್ಪಮ್ಮನ ಮೈ ಜುಮ್ಮೆಂದಿತು. ಕೇಳಿದ್ದಕ್ಕೆ ಅಮ್ಮನೇ ಬಾಯಿ ಬಿಟ್ಟು ಉತ್ತರ ಕೊಟ್ಟಿದ್ದಳು!

ಮೈಮೇಲೆ ಗುಳ್ಳೆ ಏಳುವ ಕಾಯಿಲೆಯನ್ನು ಆ ಕಡೆ ಯಾರೂ ಕಾಯಿಲೆ ಎನ್ನುವುದಿಲ್ಲ. ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಬೀದಿಯ ಯಾವ ಮನೆಗೆ ಅಮ್ಮ ಬಂದರೂ ಮೊದಲು ಕರೆ ಬರುತ್ತಿದ್ದುದು ತಿಪ್ಪಮ್ಮನಿಗೆ. ಎಷ್ಟನೆಯ ದಿನ ನೀರು ಹಾಕಬೇಕು, ಏನು ತಿನ್ನಬಹುದು, ಏನು ತಿನ್ನಬಾರದು ಎಲ್ಲ ಅವಳು ಹೇಳಿದಂತೆ. ನಲವತ್ತು ವರ್ಷದಿಂದ ಈ ವಿಷಯದಲ್ಲಿ ಅವಳ ಮಾತಿಗೆ ಎದುರು ಮಾತಿರಲಿಲ್ಲ. ಈಗ ಅಮ್ಮ ಅವಳ ಮನೆಗೇ ಬಂದಿದ್ದಾಳೆಂದ ಮೇಲೆ ಕೇಳಬೇಕೆ? ಹತ್ತು ನಿಮಿಷದಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಬಿಳಿ ಪಂಚೆ ಹಾಸಿ, ಅದರ ಮೇಲೆ ಬೇವಿನ ಎಲೆ ಹರಡಿ ಸೊಸೆಯನ್ನು ಮಲಗಿಸಿದಳು. ಲಕ್ಕವಳ್ಳಿಯ ಡ್ಯಾಮ್ ಆಫೀಸಿನಲ್ಲಿ ಕೆಲಸದಲ್ಲಿದ್ದು ಶನಿವಾರ ಮಾತ್ರ ಮನೆಗೆ ಬರುತ್ತಿದ್ದ ಮಗ, ಕೋಮಲಾಳ ಗಂಡ ಚಂದ್ರಕುಮಾರನಿಗೆ, “ಈ ವಾರ ಬರ್‍ಬ್ಯಾಡ ಕಣೋ, ಮನೇಗೆ ಅಮ್ಮ ಬಂದವ್ಳೆ” ಎಂದು ಫೋನ್ ಮಾಡಿದಳು.

ಕೋಮಲಾಳಿಗೆ ಅರ್ಥವಾಗುವಷ್ಟರಲ್ಲಿ ಇದೆಲ್ಲ ಆಗಿಹೋಗಿತ್ತು. ಹೇಳಬೇಕೆಂದು ಎದ್ದು ಕೂತಳು. “ಮಲಕ್ಕೋ ತಾಯಿ” ಎಂದು ಅತ್ತೆ ಬೇವಿನ ಗೊಂಚಲಿನಿಂದ ಗಾಳಿ ಹಾಕಿದಳು. ಮದುವೆಯಾದಂದಿನಿಂದ “ಲೇ ಕೋಮಲಿ” ಬಿಟ್ಟು ಇನ್ನೊಂದು ಹೆಸರಿನಿಂದ ಕರೆಯದ ಅತ್ತೆ, ಪಾರ್ಲರ್ ಇಟ್ಟಾಗ “ಹೆಂಗಸ್ರ ಮೀಸೆ ಕೀಳೋದೂ ಒಂದು ಕೆಲ್ಸಾನಾ” ಎಂದಿದ್ದ ಅತ್ತೆ, ಈಗ ಎಳನೀರನ್ನು ಚಮಚದಲ್ಲಿ ಬಾಯಿಗೆ ಹಾಕುತ್ತಿದ್ದಳು. ಹೇಳಬೇಕೆಂದಿದ್ದ ಮಾತು ಎಳನೀರಿನ ಜೊತೆ ಹೊಟ್ಟೆಗಿಳಿಯಿತು. ಇವತ್ತು ಬೇಡ, ಊತ ಇಳಿದ ಮೇಲೆ ಯಾರಿಗೂ ಏನೂ ಹೇಳುವುದೇ ಬೇಕಾಗುವುದಿಲ್ಲ ಎಂದುಕೊಂಡಳು. ಅವಳು ಸುಳ್ಳು ಹೇಳಲಿಲ್ಲ. ಸುಮ್ಮನಿದ್ದಳು, ಅಷ್ಟೇ. ಸುಳ್ಳಿಗಾದರೆ ನೆನಪಿಟ್ಟುಕೊಳ್ಳುವ ಕಷ್ಟ ಇರುತ್ತದೆ, ಸುಮ್ಮನಿರುವುದಕ್ಕೆ ಆ ಕಷ್ಟವೂ ಇಲ್ಲ ನೋಡಿ.

ಊತ ಇಳಿಯಲಿಲ್ಲ. ಬುಧವಾರ ಎಡಗಲ್ಲದೊಳಗೆ ಗೋಲಿಯಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತು. ಮುಟ್ಟಿದರೆ ಕಣ್ಣಲ್ಲಿ ನೀರು. ಮೇಡಂಗೆ ಫೋನ್ ಮಾಡಿದಳು. “ನಾರ್ಮಲ್ಲು, ಐಸ್ ಇಡಿ” ಎಂದರು. ಶುಕ್ರವಾರ ಇನ್ನೊಮ್ಮೆ ಮಾಡಿದಾಗ ಮೇಡಂ ಧ್ವನಿಯೇ ಬದಲಾಗಿತ್ತು.

“ನಿಮಗೆ ಚಿಕನ್ ಪಾಕ್ಸ್ ಅಂತಲ್ಲಾ ಕೋಮಲಾ? ನಿಮ್ಮೂರಿಂದ ಭಾನುವಾರಕ್ಕೆ ಬರೋರೇ ಹೇಳಿದ್ರು, ಬಾಗಿಲಿಗೆ ಬೇವು ಕಟ್ಟಿದ್ದಾರೆ ಅಂತ. ಅದಕ್ಕೂ ನಮ್ಮ ಟ್ರೀಟ್‌ಮೆಂಟಿಗೂ ಏನ್ ಸಂಬಂಧ? ರೆಸ್ಟ್ ತಗೊಳ್ಳಿ.”

ಫೋನ್ ಕೆಳಗಿಟ್ಟ ಕೋಮಲಾಳಿಗೆ ಮೊದಲ ಸಲ ಹೆದರಿಕೆಯಾಯಿತು. ತನ್ನ ಮುಖದ ಹೆದರಿಕೆಯಲ್ಲ ಅದು. ನಾಚಿಕೆಗೆ ಅಂಜಿ ತಾನು ಯಾವ ಬೇವಿನ ಹಿಂದೆ ಅಡಗಿದ್ದಳೋ, ಅದೇ ಬೇವಿನ ಹಿಂದೆ ಈಗ ಮೇಡಮ್ಮೂ ಬಂದು ನಿಂತುಬಿಟ್ಟಿದ್ದರು.

ಶನಿವಾರ ಮಧ್ಯಾಹ್ನ ಅರ್ಫಾಳ ಫೋನು ಬಂತು.

“ಹೆಂಗಿದೀರ ಕೋಮಲಕ್ಕ? ನಾಳೆ ನೀವು ಬರಕ್ಕಾಗಲ್ಲ ಅಂತ ಗೊತ್ತು. ಯಶೋದಾ ಟೀಚರ್ ಎಲ್ರನ್ನೂ ಕರ್ಕೊಂಡು ಹೋಗ್ತಾರೆ. ಏಳು ಗಂಟೆ ಬಸ್ಸು.”

“ಹೋಗ್ಬ್ಯಾಡ ಕಣೇ,” ಎಂದಳು ಕೋಮಲಾ. “ನಂದು ಅಮ್ಮ ಅಲ್ಲ. ಆ ಇಂಜೆಕ್ಷನ್ನಿಂದಾನೇ ಊದಿರೋದು.”

ಅರ್ಫಾ ಜ್ವರದವರನ್ನು ಸಮಾಧಾನ ಮಾಡುವ ದನಿಯಲ್ಲಿ, “ಇಲ್ಲ ಅಕ್ಕ. ಮೇಡಂ ಹೇಳಿದ್ರು, ಪಾಕ್ಸ್ ಬಂದೋರಿಗೆ ಹಂಗೇ ಅನ್ಸುತ್ತಂತೆ. ತಿಪ್ಪಮ್ಮಜ್ಜಿನೇ ನೋಡಿ ಹೇಳಿದ ಮೇಲೆ ಸುಳ್ಳಾಗುತ್ತಾ? ನೀವು ಚಿಂತೆ ಮಾಡ್ಬೇಡಿ. ನೀವೇ ಗ್ಯಾರಂಟಿ ಅಂದಿದ್ರಲ್ಲ, ನಂಗೆ ಅಷ್ಟು ಸಾಕು” ಎಂದು ಇಟ್ಟುಬಿಟ್ಟಳು.

ಬೈದಿದ್ದರೆ ಕೋಮಲಾ ತಡೆದುಕೊಳ್ಳುತ್ತಿದ್ದಳು. ನಂಬಿಕೆಯನ್ನು ತಡೆದುಕೊಳ್ಳುವುದು ಹೇಗೆ? ಆ ಬಡಕಲು ಗಲ್ಲಕ್ಕೆ ನಾಳೆ ಹೆಸರಿಲ್ಲದ ಬಾಟಲಿಯ ಔಷಧಿ ಹೋಗುತ್ತದೆ. ಗುರುವಾರ ನಿಕಾಹ್. ತನ್ನ ಮುಖದ ಮೇಲಿರುವುದೇ ಆ ಮುಖದ ಮೇಲೂ ಇರುತ್ತದೆ, ಅದಕ್ಕಿಂತ ಕೆಟ್ಟದ್ದಾದರೂ ಕೇಳುವವರಿಲ್ಲ. ಫೋನಿನಲ್ಲಿ ಎಷ್ಟು ಬಡಿದುಕೊಂಡರೂ ಯಾರೂ ನಂಬುವುದಿಲ್ಲ. ಈ ಮುಖವನ್ನೇ ಎತ್ತಿಕೊಂಡು ಹೋಗಿ ಅವರೆದುರು ಇಡಬೇಕು. ಅದಕ್ಕೆ ಮೊದಲು ಬಾಗಿಲಿನ ಬೇವು ಇಳಿಯಬೇಕು, ಬೇವು ಇಳಿಯಬೇಕಾದರೆ ಅತ್ತೆಗೆ ಹೇಳಬೇಕು. ಬರೀ ಒಂದು ವಾಕ್ಯ, ಅಷ್ಟನ್ನು ಹೇಳಲು ಅವಳಿಗೆ ಭಾನುವಾರ ಬೆಳಗಾಗಬೇಕಾಯಿತು.

“ಅತ್ತೆ, ಇದು ಅಮ್ಮ ಅಲ್ಲ.”

ತಿಪ್ಪಮ್ಮ ಗಲ್ಲ ಗಲ್ಲ ಬಡಿದುಕೊಂಡಳು. “ಬಿಡ್ತು ಅನ್ನು! ಮೈಮ್ಯಾಲೆ ಇಟ್ಕಂಡು ಹಂಗೆಲ್ಲ ಆಡ್ಬಾರ್ದು ತಾಯಿ.”

“ತಾಯಿ ಅನ್ಬ್ಯಾಡಿ ಅತ್ತೆ, ನಾನು ಕೋಮಲಿ. ಸೋಮವಾರ ಕಡೂರಿಗೆ ಹೋಗಿ ಗಲ್ಲ ದುಂಡಗಾಗ್ಲಿ ಅಂತ ಇಂಜೆಕ್ಷನ್ ಹಾಕಿಸ್ಕಂಡು ಬಂದೆ. ಊದ್ಕಂತು. ನೀವು ಅಮ್ಮ ಅಂದ್ರಿ, ನಾನು ಸುಮ್ನಾಗ್ಬಿಟ್ಟೆ. ಐದು ದಿನ ನಿಮ್ ಕೈಲಿ ಸೇವೆ ಮಾಡಿಸ್ಕಂಡೆ. ತಪ್ಪಾಯ್ತು. ಈಗ ಅರ್ಫಾನೂ ಟೀಚರ್ರೂ ಎಲ್ಲಾ ನನ್ ಮಾತು ನಂಬ್ಕಂಡು ಅಲ್ಲಿಗೇ ಹೊರಟವ್ರೆ. ನಾನು ಹೋಗಿ ತಡೀಬೇಕು.”

ತಿಪ್ಪಮ್ಮ ಹೊಸಿಲ ಹತ್ತಿರ ಕೂತಳು. ಬೀದಿಯ ಕಡೆ ನೋಡಿದಳು. ಐದು ದಿನದಿಂದ ಆ ಬೀದಿಯ ಪ್ರತಿಯೊಬ್ಬರೂ ದೂರದಲ್ಲಿ ನಿಂತು ಈ ಬಾಗಿಲಿಗೆ ಕೈ ಮುಗಿದು ಹೋಗಿದ್ದರು. ನಾಳೆ ಅವರೇ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ನಲವತ್ತು ವರ್ಷದ ಹೆಸರು. ಕೋಮಲಾಳಿಗೆ ಹೊತ್ತಿರಲಿಲ್ಲ. ಮೇಲೆದ್ದು ಬಾಗಿಲಿನ ಬೇವಿಗೆ ಕೈ ಹಾಕಿದಳು.

“ಮುಟ್ಬ್ಯಾಡ,” ಎಂದಳು ತಿಪ್ಪಮ್ಮ. “ಕಟ್ಟಿದೋಳು ನಾನು. ಬಿಚ್ಚೋಳೂ ನಾನೇ.”

ಬಿಚ್ಚಿದಳು. ಒಳಗೆ ಹೋಗಿ ಮದುವೆ ಮುಂಜಿಗೆ ಉಡುವ ಹಸಿರು ಸೀರೆ ಉಟ್ಟು ಬಂದಳು. ಬಾಗಿಲಿಗೆ ಬೀಗ ಹಾಕಿ, ಸೊಸೆಗಿಂತ ಮುಂದೆ ನಡೆದಳು.

ಏಳರ ಬಸ್ಸು ಹೋಗಿಯಾಗಿತ್ತು. ಎಂಟರ ಬಸ್ಸಿನಲ್ಲಿ ಜನ ಜಾಸ್ತಿ. ಸೆರಗನ್ನು ಮುಖಕ್ಕೆ ಎಳೆದುಕೊಳ್ಳಬೇಕೆಂದು ಕೋಮಲಾಳ ಕೈ ಒಂದೆರಡು ಸಲ ಹೋಯಿತು. ಮುಚ್ಚಿಕೊಂಡು ಹೋಗುವುದಾದರೆ ಹೋಗುವುದಾದರೂ ಯಾಕೆ ಎನ್ನಿಸಿ ಕೈ ಇಳಿಸಿದಳು. ಹತ್ತಿದವರೆಲ್ಲ ಒಂದು ಸಲ ನೋಡಿದರು. ಎದುರಿನ ಸೀಟಿನ ಮಗು ನೋಡಿ ಅಳತೊಡಗಿತು. ಮಗುವಿನ ತಾಯಿ ಎದ್ದು ಹಿಂದಕ್ಕೆ ಹೋದಳು. ನಲವತ್ತೆರಡು ವರ್ಷದಲ್ಲಿ ಮುಖಕ್ಕೆ ಪೌಡರ್ ಇಲ್ಲದೆ ಬಾಗಿಲು ದಾಟದಿದ್ದ ಕೋಮಲಾ ಅಂದು ಕತ್ತು ನೆಟ್ಟಗೆ ಇಟ್ಟುಕೊಂಡು ಕಡೂರಿನವರೆಗೆ ಕೂತಿದ್ದಳು. ಅದನ್ನು ಹೇಳುವಾಗ ನನಗೇ ಎದೆ ಉಬ್ಬುತ್ತದೆ.

ಪಕ್ಕದಲ್ಲಿ ತಿಪ್ಪಮ್ಮ ಆಗಾಗ ಓರೆಗಣ್ಣಿನಲ್ಲಿ ಸೊಸೆಯ ಮುಖ ನೋಡುವಳು, ತುಟಿ ಅಲ್ಲಾಡಿಸುವಳು, ತೊಡೆಯ ಮೇಲೆ ಬೆರಳು ಮಡಿಸುವಳು. ಅಮ್ಮನ ಹತ್ತಿರ ತಪ್ಪೊಪ್ಪಿಕೊಂಡು ಜಪ ಮಾಡುತ್ತಿರಬೇಕೆಂದು ಕೋಮಲಾ ತಿಳಿದಳು.

ಲಾಡ್ಜಿನ ಮೆಟ್ಟಿಲನ್ನು ಇಬ್ಬರೂ ಏದುಸಿರು ಬಿಡುತ್ತ ಹತ್ತಿದರು. ಕೋಣೆಯಲ್ಲಿ ಎಂಟು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಒಂಬತ್ತನೆಯವಳು ಮಂಚದ ಮೇಲೆ ಮಲಗಿದ್ದಳು. ಮದುವೆ ಹತ್ತಿರವಿದೆಯೆಂದು ಮೊದಲ ಸರದಿಯನ್ನು ಅರ್ಫಾಳಿಗೇ ಬಿಟ್ಟುಕೊಟ್ಟಿದ್ದರು. ಎರಡೂ ಗಲ್ಲಕ್ಕೆ ಮರಗಟ್ಟಿಸುವ ಬಿಳಿ ಮುಲಾಮು ಹಚ್ಚಿಯಾಗಿತ್ತು. ಮೇಡಂ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದರು.

“ನಿಲ್ಸಿ!” ಎಂದಳು ಕೋಮಲಾ.

ಕುರ್ಚಿಗಳು ಹಿಂದಕ್ಕೆ ಸರಿದವು. ಯಶೋದಾ ಟೀಚರ್ ಬಾಯಿಗೆ ಸೆರಗು ಹಿಡಿದು, “ಕೋಮಲಾ! ಅಮ್ಮ ಬಂದಿರುವಾಗ ಹೊರಗೆ ಬರೋದೇ? ಮದುವೆ ಹುಡುಗಿ ಇದಾಳಲ್ರೀ ಇಲ್ಲಿ!” ಎಂದು ಕೂಗಿದರು. ಮೇಡಂ ಕರ್ಚೀಫು ಮೂಗಿಗೆ ಒತ್ತಿಕೊಂಡು, “ಇನ್ಫೆಕ್ಷನ್ನು! ಮೊದ್ಲು ಹೊರಗೆ ಹೋಗಿ” ಎಂದರು.

ಕೋಮಲಾ ಹೇಳತೊಡಗಿದಳು. ಆದರೆ ಮಾತು ಆಡುವುದಕ್ಕೆ ತುಟಿ ಬೇಕಲ್ಲ. ಗಡಿಬಿಡಿಯಲ್ಲಿ ಪ, ಬ, ಮ ಒಂದೂ ಸರಿಯಾಗಿ ಹೊರಡಲಿಲ್ಲ. ಅರ್ಧ ಮಾತು ಗೊರಗೊರ ಎಂದಿತು. “ಪಾಪ, ಜ್ವರ ತಲೆಗೇರಿದೆ” ಎಂದು ಮೇಡಂ ಉಳಿದವರತ್ತ ತಿರುಗಿ ನಕ್ಕರು. ಒಂದಿಬ್ಬರು ಹೌದೆಂಬಂತೆ ತಲೆಯಾಡಿಸಿದರು. ಸಿರಿಂಜು ಮತ್ತೆ ಮಂಚದ ಕಡೆ ತಿರುಗಿತು.

ಆಗ ತಿಪ್ಪಮ್ಮ ಮುಂದೆ ಬಂದಳು. ಬೆಳಗಿನಿಂದ ಹಿಡಿದಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಬಂತು.

“ಏನವ್ವಾ, ಯಾವೂರು ನಿಂದು? ನನ್ ಸೊಸೇಗೆ ಬಂದಿರೋದು ಅಮ್ಮ ಅಂತ ನೀನು ಹೇಳ್ತೀಯಾ? ನಲವತ್ತು ವರ್ಸದಿಂದ ಅಮ್ಮನ್ ಸೇವೆ ಮಾಡಿವ್ನಿ ನಾನು. ಅಮ್ಮ ಬಂದ್ರೆ ಮೊದ್ಲು ಎದೆ ಮ್ಯಾಲೆ, ಬೆನ್ ಮ್ಯಾಲೆ ಬತ್ತಾಳೆ.” ಸೊಸೆಯನ್ನು ಗಿರ್‍ರನೆ ತಿರುಗಿಸಿ, ಸೆರಗು ಸರಿಸಿ ಬೆನ್ನು ತೋರಿಸಿದಳು. ತೋಳು ಎತ್ತಿ ತೋರಿಸಿದಳು. “ಎಲ್ಲೈತೆ ಒಂದು ಗುಳ್ಳೆ? ಬನ್ರೇ, ಹತ್ರ ಬಂದು ನೋಡ್ರೇ!”

ಯಾರೂ ಅಲ್ಲಾಡಲಿಲ್ಲ. ತಿಪ್ಪಮ್ಮ ಸೊಸೆಯ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಒಂದೊಂದೇ ಕಲೆಯ ಮೇಲೆ ಬೆರಳು ತೋರಿಸಿದಳು.

“ಎಡಕ್ಕೆ ಮೂರು, ಬಲಕ್ಕೆ ಮೂರು. ತುಟಿಗೆ ಆ ಕಡೆ ಒಂದು, ಈ ಕಡೆ ಒಂದು. ಬಸ್ನಾಗೆ ಕೂತ್ಕಂಡು ಮೂರು ಸಲ ಎಣಿಸ್ದೆ. ಅಮ್ಮ ಹಿಂಗೆ ಅಳತೆ ಪಟ್ಟಿ ಇಟ್ಕಂಡು ಬತ್ತಾಳೇನ್ರೇ? ಇದು ದೇವ್ರು ಮಾಡಿದ್ದಲ್ಲ, ಈವಮ್ಮನ ಸೂಜಿ ಮಾಡಿದ್ದು!”

ತಿಪ್ಪಮ್ಮನ ಧ್ವನಿ ಸ್ವಲ್ಪ ಇಳಿಯಿತು.

“ಊರಿಗೆಲ್ಲ ಅಮ್ಮ ಅಂತ ಸಾರಿದೋಳು ನಾನೇ. ಈ ಮುದುಕಿ ಕಣ್ಣು ಮೋಸ ಹೋಯ್ತು. ನಗೋರು ನನ್ ನೋಡಿ ನಗ್ರಿ. ಇವಳು ಬಾಯಿ ಮುಚ್ಕಂಡು ಇನ್ನೊಂದು ವಾರ ಬೇವಿನ್ ಸೊಪ್ಪಿನ್ ಮ್ಯಾಲೆ ಮಲಗಿದ್ರೆ ಇವಳ ಮಾನ ಉಳೀತಿತ್ತು, ನನ್ ಹೆಸ್ರೂ ಉಳೀತಿತ್ತು. ಅದನ್ನ ಬಿಟ್ಟು ಈ ಮುಖ ಹೊತ್ಕಂಡು ಬಂದವ್ಳೆ. ಯಾರಿಗೋಸ್ಕರ ಬಂದ್ಲು ಅಂತ ಯೋಚ್ನೆ ಮಾಡ್ರೇ.”

ಕೋಮಲಾ ಒಂದೊಂದೇ ಅಕ್ಷರ ಕೂಡಿಸಿ ಹೇಳಿದಳು. “ನಿಮಗೆಲ್ಲ ಗ್ಯಾರಂಟಿ ಅಂದಿದ್ದೆ. ಗೊತ್ತಿಲ್ದೆ ಕೊಟ್ಟ ಮಾತು ಅದು. ವಾಪಸ್ ತಗಂಡಿದೀನಿ. ನನ್ ಮುಖ ನೋಡ್ಕಳಿ. ಆಮೇಲೂ ಬೇಕು ಅನ್ನೋರು ಹಾಕಿಸ್ಕಳಿ.”

ಅರ್ಫಾ ಮಂಚದ ಮೇಲೆ ಎದ್ದು ಕೂತಿದ್ದಳು. ಕೋಮಲಾಳ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಮೇಡಂ ಕೈಯಲ್ಲಿದ್ದ ಬಾಟಲಿಯನ್ನು ನೋಡಿದಳು. ಪ್ರಶ್ನೆ ಕೇಳುವ ಟೀಚರ ಧ್ವನಿ ಆ ಹುಡುಗಿಗೆ ಆಗಲೇ ಬಂದಿತ್ತು.

“ಇದರಲ್ಲಿ ಏನಿದೆ ಮೇಡಂ? ಮೇಲೆ ಹೆಸರೇ ಇಲ್ವಲ್ಲ?”

“ಅದು ಫಾರಿನ್ ಪ್ರಾಡಕ್ಟು, ನಿಮಗೆಲ್ಲ ಗೊತ್ತಾಗಲ್ಲ.”

“ಗೊತ್ತಾಗೋ ಹಾಗೆ ಹೇಳಿ.”

ಮೇಡಂ ಸರ್ಟಿಫಿಕೇಟಿನ ಕಡೆ ಕೈ ತೋರಿಸಿದರು. ಯಶೋದಾ ಟೀಚರ್ ಎದ್ದು ಹೋಗಿ, ಕನ್ನಡಕ ಏರಿಸಿ ಅದನ್ನು ಮೊದಲ ಸಲ ಓದಿದರು. “ಮೂರು ದಿನದ ಮೇಕಪ್ ಕೋರ್ಸಂತೆ ಕಣ್ರೀ!” ಎಂದರು. ಅರ್ಫಾ ದುಪಟ್ಟಾ ತುದಿಯಿಂದ ಎರಡೂ ಗಲ್ಲವನ್ನು ಒರೆಸಿಕೊಂಡು ಮಂಚದಿಂದ ಇಳಿದಳು. ಅವಳ ಹಿಂದೆ ಉಳಿದ ಎಂಟೂ ಜನ ಎದ್ದರು.

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದರು. ಎಲ್ಲರೂ ಹೋದರು, ದಿಬ್ಬಣ ಹೊರಟ ಹಾಗೆ. ಭಾನುವಾರದ ಡ್ಯೂಟಿಯಲ್ಲಿದ್ದ ಡಾಕ್ಟರ್ ಶಿವಪ್ರಸಾದ್ ಹನ್ನೊಂದು ಜನ ಹೆಂಗಸರು ಒಂದೇ ಮುಖಕ್ಕೆ ಚೀಟಿ ಮಾಡಿಸಿದ್ದನ್ನು ನೋಡಿ “ಏನ್ರಮ್ಮಾ ಇದು?” ಎಂದರು. ಗಂಟನ್ನು ಒತ್ತಿ ನೋಡಿದರು, ಕಣ್ಣು ನೋಡಿದರು. ದೃಷ್ಟಿಗೆ ತೊಂದರೆಯಾಗಿಲ್ಲ, ಚರ್ಮ ಸತ್ತಿಲ್ಲ, ಪುಣ್ಯ ಎಂದರು. ಸ್ವಲ್ಪ ಕೀವಾಗುವ ಲಕ್ಷಣ ಇದೆ, ಮಾತ್ರೆಗೆ ಇಳಿಯುತ್ತದೆ, ಕಲೆ ಹೋಗುವುದಕ್ಕೆ ಎರಡು ವಾರ ಬೇಕು. ಇಂಥದ್ದನ್ನು ಕಲಿತ ಡಾಕ್ಟರು ಮಾತ್ರ ಮಾಡಬೇಕು, ಅವರು ಮಾಡಿದರೂ ಕೆಲವರಿಗೆ ಊದುತ್ತದೆ, ಊದಿದ ದಿನವೇ ಬರಬೇಕಾಗಿತ್ತು ಎಂದು ಗದರಿದರು. ಗದರಿದ್ದಕ್ಕೆ ತಿಪ್ಪಮ್ಮ, “ನನ್ನ ಬೈರಿ ಸ್ವಾಮಿ, ಮಲಗಿಸಿದ್ದು ನಾನು” ಎಂದಳು. ದೂರು ಬರೆದುಕೊಟ್ಟರೆ ಮೇಲಿನವರಿಗೆ ಕಳಿಸುವುದಾಗಿ ಡಾಕ್ಟರು ಹೇಳಿದರು. ಟೀಚರ್ ಬರೆದರು. ಮೊದಲ ಸಹಿ ಕೋಮಲಾ ಹಾಕಿದಳು, ಪೂರ್ತಿ ಹೆಸರು, ಪಾರ್ಲರಿನ ಹೆಸರು, ಫೋನ್ ನಂಬರು ಸಮೇತ. ಮಧ್ಯಾಹ್ನದ ಹೊತ್ತಿಗೆ ಲಾಡ್ಜಿನ ಕೋಣೆ ಖಾಲಿಯಾಗಿತ್ತಂತೆ. ಎಲ್ಲಿಗೆ ಹೋದರೂ ದೂರು ಹಿಂದೆಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿದರು.

ವಾಪಸ್ ಬರುವ ಬಸ್ಸು ಬೀರೂರು ದಾಟಿದ ಮೇಲೆ ತಿಪ್ಪಮ್ಮ, “ಲೇ ಕೋಮಲಿ, ಚೆನ್ನಾಗೇ ಇತ್ತಲ್ಲೇ ನಿನ್ ಗಲ್ಲ? ಏನಾಗಿತ್ತು ಅದಕ್ಕೆ?” ಎಂದಳು. ಇಷ್ಟು ವರ್ಷಕ್ಕೆ ಒಮ್ಮೆ ಆ ಬಾಯಿಂದ ಅವಳ ರೂಪದ ಬಗ್ಗೆ ಒಳ್ಳೆಯ ಮಾತು ಬಂದಿತ್ತು. ಬಂದ ಹೊತ್ತು ನೋಡಿ.

ಬೀದಿ ನಕ್ಕಿತು, ನಗದೆ ಬಿಡುತ್ತದೆಯೇ? ಎರಡು ದಿನ ನಕ್ಕಿತು. “ಅಮ್ಮ ಯಾವ ಬಸ್ಸಿಗೆ ಬಂದ್ಲಂತೆ ತಿಪ್ಪಮ್ಮ?” ಎಂದು ಕೇಳಿದವರಿಗೆ ತಿಪ್ಪಮ್ಮ, “ಸಂಜೆ ಬಸ್ಸಿಗೆ. ನಿಮ್ಮನೇಗೂ ಕಳಿಸ್ಲಾ?” ಎಂದು ಬಾಯಿ ಮುಚ್ಚಿಸಿದಳು. ಮೂರನೆಯ ದಿನಕ್ಕೆ ಅವರೇ ಬಂದು, ಆ ಮೇಡಂ ಬೇರೆ ಊರಲ್ಲೂ ಹೀಗೇ ಮಾಡಿದ್ದಳಂತೆ, ನಿಮ್ಮ ಸೊಸೆ ಇಲ್ಲದಿದ್ದರೆ ಏನಾಗುತ್ತಿತ್ತೋ ಎನ್ನತೊಡಗಿದರು. ಪಾರ್ಲರಿನಲ್ಲಿ ಮಾತ್ರ ಕೋಮಲಾ ಒಂದು ವಾರ ಹುಬ್ಬು ಮುಟ್ಟಲಿಲ್ಲ. ದಾರ ಕಚ್ಚುವುದಕ್ಕೆ ತುಟಿ ಬಿಡಲಿಲ್ಲ.

ಅರ್ಫಾಳಿಗೆ ಫೋನ್ ಮಾಡಿ, ಮದುವೆಗೆ ಬೇರೆ ಯಾರನ್ನಾದರೂ ನೋಡಿಕೋ ಎಂದಳು. ಮುಖದ ತುಂಬ ಹಳದಿ, ಹಸಿರು ಕಲೆ ಇಟ್ಟುಕೊಂಡು ಮದುಮಗಳನ್ನು ಸಿಂಗರಿಸಲು ಹೋದರೆ ನೋಡಿದವರು ಏನಂದಾರು? ಪಾರ್ಲರಿನವಳ ಮುಖವೇ ಅವಳ ಬೋರ್ಡು. “ನೀವು ಬರ್ದಿದ್ರೆ ನಾನು ಮುಖ ತೊಳ್ಕೊಂಡು ಹಂಗೇ ಕೂತ್ಕೊಳ್ತೀನಿ” ಎಂದಳು ಅರ್ಫಾ.

ಗುರುವಾರ ತರೀಕೆರೆಯ ಶಾದಿ ಮಹಲಿನ ಒಳಕೋಣೆಯಲ್ಲಿ ಕೋಮಲಾ ಕೆಲಸ ಶುರು ಮಾಡಿದಳು. ಅರ್ಫಾಳ ಗಲ್ಲ ಸಣ್ಣದಾಗಿಯೇ ಇತ್ತು. ಅದನ್ನು ದುಂಡಗೆ ಕಾಣಿಸುವ ಗೋಜಿಗೆ ಅವಳು ಹೋಗಲಿಲ್ಲ. ಆ ಸಣ್ಣ ಮುಖದಲ್ಲಿ ಕಣ್ಣು ಎಷ್ಟು ದೊಡ್ಡವು ಎಂಬುದನ್ನು ಮಾತ್ರ ಎತ್ತಿ ತೋರಿಸಿದಳು. ಹದಿನೆಂಟು ವರ್ಷದಲ್ಲಿ ಅಷ್ಟು ಒಳ್ಳೆಯ ಕೆಲಸ ಮಾಡಿದ್ದು ಅವಳಿಗೆ ನೆನಪಿರಲಿಲ್ಲ. ಅರ್ಫಾಳ ತಾಯಿ ಶಹನಾಜ್ ಬಂದು ನೋಡಿ, ಮಗಳ ನೆತ್ತಿಗೆ ಮುತ್ತಿಟ್ಟು ಹೋದರು.

ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಕುರ್ಚಿ ಹಾಕಿಸಿಕೊಂಡು ನೋಡುತ್ತ ಕೂತಿದ್ದರು. ವರನ ದೊಡ್ಡಮ್ಮನಂತೆ. ಮದುಮಗಳಿಗಿಂತ ಹೆಚ್ಚಾಗಿ ಕೋಮಲಾಳನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಪಕ್ಕದವರಿಗೆ ದಖ್ನಿ ಉರ್ದುವಿನಲ್ಲಿ, ಈ ಮುಖದವಳೇ ಬೇಕಾಗಿತ್ತೇ, ಅಜ್ಜಂಪುರದಲ್ಲಿ ಬೇರೆ ಯಾರೂ ಸಿಗಲಿಲ್ಲವೇ ಎಂದರು. ಇಷ್ಟು ವರ್ಷ ಸಾಬರ ಬೀದಿಯ ಮದುವೆಗಳಿಗೆ ಓಡಾಡಿದ ಕೋಮಲಾಳಿಗೆ ಅಷ್ಟು ದಖ್ನಿ ತಿಳಿಯುತ್ತಿತ್ತು. ಕೈ ನಿಂತಿತು.

ಅರ್ಫಾ ಕಣ್ಣು ತೆರೆದಳು. ಮದುಮಗಳು ತಲೆ ಎತ್ತಿ ಗಂಡಿನ ಕಡೆಯವರಿಗೆ ಮಾತು ಹೇಳುವ ದಿನವಲ್ಲ ಅದು. ಹೇಳಿದಳು.

“ಖಾಲಾ, ಇವರ ಮುಖದ ಮೇಲಿರೋದು ಇವತ್ತು ನನ್ನ ಮುಖದ ಮೇಲಿರಬೇಕಾಗಿತ್ತು. ಇವರು ಬಂದು ಅಡ್ಡ ನಿಂತ್ಕೊಂಡ್ರು.”

ದಖ್ನಿಯಲ್ಲಿ ಹೇಳಲಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು.

ಆ ಹಿರಿಯಾಕೆ ಕೋಮಲಾಳ ಮುಖವನ್ನು ಮತ್ತೊಮ್ಮೆ ನೋಡಿದರು, ಅವಸರವಿಲ್ಲದೆ. ಆಮೇಲೆ ಕಷ್ಟಪಟ್ಟು ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಅವಳತ್ತ ತಳ್ಳಿದರು.

“ಕೂತ್ಕೊಂಡು ಮಾಡಮ್ಮಾ. ಆಗ್ಲಿಂದ ನಿಂತೇ ಇದೀಯ.”

ಕೋಮಲಾಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಬೆರಳಲ್ಲಿ ಕಾಡಿಗೆ ಇತ್ತು.

“ಬ್ಯಾಡಿ ಅಮ್ಮ,” ಎಂದಳು. “ನಂದು ನಿಂತ್ಕಂಡು ಮಾಡೋ ಕೆಲಸ.” ಅರ್ಫಾಳ ಗದ್ದವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಉಳಿದಿದ್ದ ಎಡಗಣ್ಣಿಗೆ ಕಾಡಿಗೆ ತೀಡಿದಳು.